ಪುಟ್ಟಬಸಮ್ಮನ ಹೆಸರಿಗೆ

ಪೊಪಯಾನ್ ಹತ್ತಿರ, ಕೊಲಂಬಿಯಾ
18 ಆಗಸ್ಟ್ 2024

ಅಪ್ಪ, ನಿಮಗೂ ಅವ್ವನಿಗೂ ನಮಸ್ಕಾರ.

ಬಂದು ತಲುಪಿ ಒಂಬತ್ತು ದಿನವಾಯಿತು. ಭಾನುವಾರ ವಿಡಿಯೋ ಕಾಲ್ ಮಾಡಿದಾಗ ಅವ್ವ "ಉಂಡ್ಯಾ ಮಗ, ಚಳಿ ಅದಾ" ಅನ್ನುವುದರಲ್ಲೇ ಹೊತ್ತು ಹೋಯಿತು. ನಿಮಗೆ ಕಿವಿ ಮಂದವಾದ ಮೇಲೆ ಫೋನಿನಲ್ಲಿ ಹೇಳಿದ್ದು ಅರ್ಧ ಮಾತ್ರ ಮುಟ್ಟುತ್ತದೆ. ಅದಕ್ಕೇ ಹೊರಡುವ ಮುಂಚೆ ಮಾತಾಡಿಕೊಂಡಂತೆ ಕಾಗದ ಬರೆಯುತ್ತಿದ್ದೇನೆ. ಇದರ ಫೋಟೋ ತೆಗೆದು ಹನೂರಿನ ಜೆರಾಕ್ಸ್ ಅಂಗಡಿ ಪ್ರಭುಸ್ವಾಮಿಯ ಮೊಬೈಲಿಗೆ ಕಳಿಸುತ್ತೇನೆ, ಅವನು ಪ್ರಿಂಟು ತೆಗೆದಿಟ್ಟಿರುತ್ತಾನೆ. ನೀವು ಬರೆದದ್ದನ್ನೂ ಅವನ ಕೈಗೇ ಕೊಡಿ. ಅವ್ವನಿಗೆ ಓದು ಬಾರದು, ಕೂರಿಸಿಕೊಂಡು ಪೂರ್ತಿ ಓದಿ ಹೇಳಿ.

ಇಲ್ಲಿ ನಮಗೆ ಹಾಸ್ಟೆಲ್ ಇಲ್ಲ. ಹೊರದೇಶದಿಂದ ಓದಲು ಬಂದವರನ್ನು ಊರಿನ ಮನೆಗಳಲ್ಲಿ ಒಬ್ಬೊಬ್ಬರಂತೆ ಇರಿಸುತ್ತಾರೆ. ನನ್ನ ಓದು ರೇಷ್ಮೆಯದಾದ್ದರಿಂದ ಹುಳ ಸಾಕುವ ಮನೆಯನ್ನೇ ಹುಡುಕಿ ಕೊಟ್ಟಿದ್ದಾರೆ. ಯಜಮಾನಿಯ ಹೆಸರು ಎಲ್ವಿರಾ, ಅರವತ್ಮೂರು ವರ್ಷ. ಇಲ್ಲಿ ಹಿರಿಯ ಹೆಂಗಸರ ಹೆಸರಿನ ಮುಂದೆ 'ದೋನ್ಯ' ಎಂದು ಸೇರಿಸುತ್ತಾರೆ, ನಮ್ಮಲ್ಲಿ ಅಮ್ಮಾವ್ರು ಅಂದ ಹಾಗೆ. ಗಂಡನ ಹೆಸರನ್ನು ಬರೆಯುವಾಗ ಹೆರ್ನಾನ್, ಕರೆಯುವಾಗ ಎರ್ನಾನ್. ಮೊದಲ ಹಕಾರವನ್ನು ನಮ್ಮೂರಿನವರ ಹಾಗೆಯೇ ನುಂಗಿಬಿಡುತ್ತಾರೆ. ನನ್ನ ಹೆಸರು ಇವರ ಬಾಯಲ್ಲಿ 'ಜಸೋದ' ಆಗಿದೆ.

ಮನೆಯ ಹಿಂದೆ ಹಿಪ್ಪುನೇರಳೆ ತೋಟ. ಅದರ ಪಕ್ಕದ ಕೋಣೆಯಲ್ಲಿ ಗೂಡು ಬೇಯಿಸಿ ನೂಲು ತೆಗೆಯುತ್ತಾರೆ. ಕೊಳ್ಳೇಗಾಲದಲ್ಲಿ ನೂಲು ಬಿಚ್ಚುವ ಬೀದಿಯ ವಾಸನೆ ಇದೆಯಲ್ಲ, ಅದೇ. ಮೊದಲ ದಿನ ಅದು ಮೂಗಿಗೆ ಬಡಿದಾಗ ಒಂದು ಗಳಿಗೆ ಎಲ್ಲಿದ್ದೇನೆಂದೇ ತಿಳಿಯಲಿಲ್ಲ. ಮಾಂಸ ತಿನ್ನುವುದಿಲ್ಲ ಅಂದೆ, ಕೋಳಿಸಾರು ತಂದಿಟ್ಟರು. ಕೋಳಿ ಮಾಂಸದ ಪಟ್ಟಿಗೆ ಸೇರುವುದಿಲ್ಲವಂತೆ. ಈಗ ತಿಳಿದುಕೊಂಡಿದ್ದಾರೆ. ಬೇಯಿಸಿದ ಕಾಳು, ಅನ್ನ, ಮುಸುಕಿನ ಜೋಳದ ದಪ್ಪ ರೊಟ್ಟಿ ಕೊಡುತ್ತಾರೆ.

ನನಗೆ ಕೊಟ್ಟಿರುವುದು ಅವರ ಮಗ ವಿಲ್ಮರ್‌ನ ಕೋಣೆ. ಇಪ್ಪತ್ತೆರಡು ವರ್ಷದ ಹಿಂದೆ ಪೇಟೆಗೆ ಹೊರಟವನು ಮರಳಲಿಲ್ಲ. ಆಗ ಅವನಿಗೆ ಹತ್ತೊಂಬತ್ತು. ಆ ಕಾಲದಲ್ಲಿ ಈ ಕಡೆ ಬಂದೂಕು ಹಿಡಿದವರ ಕಾಟವಿತ್ತು. ಬಸ್ಸು ನಿಲ್ಲಿಸಿ ಮೂವರನ್ನು ಇಳಿಸಿಕೊಂಡರಂತೆ. ಯಾರು, ಯಾಕೆ ಎಂದು ಇವತ್ತಿಗೂ ತಿಳಿದಿಲ್ಲ. ಬೀರುವಿನ ಒಂದು ಪಾಲಿನಲ್ಲಿ ಅವನ ಅಂಗಿಗಳಿವೆ. ತಿಂಗಳಿಗೊಮ್ಮೆ ದೋನ್ಯ ಎಲ್ವಿರಾ ಅವನ್ನು ಒಗೆದು ಇಸ್ತ್ರಿ ಮಾಡಿ ಇಡುತ್ತಾರೆ. ಉಳಿದ ಪಾಲು ನನಗೆ.

ಅವ್ವನ ಮಂಡಿನೋವಿಗೆ ಎಣ್ಣೆ ಹಚ್ಚಲು ಹೇಳಿ.

ನಿಮ್ಮ ಮಗಳು
ಯಶೋದ


ಶಾಗ್ಯ
11 ಸೆಪ್ಟೆಂಬರ್ 2024

ಚಿ. ಯಶೋದಳಿಗೆ ಆಶೀರ್ವಾದಗಳು.

ನಿನ್ನ ಪತ್ರ ಕೈಸೇರಿತು. ನಿನ್ನ ತಾಯಿಗೆ ಓದಿ ಹೇಳಿದೆ. ಸಂತೋಷಪಟ್ಟಳು.

ಇಲ್ಲಿ ಎಲ್ಲರೂ ಕ್ಷೇಮ. ಮೇಲಿನ ಹೊಲದ ಜೋಳಕ್ಕೆ ಎರಡು ಸಲ ಆನೆ ನುಗ್ಗಿದವು. ಅರಣ್ಯ ಇಲಾಖೆಯವರು ಬಂದು ಬರೆದುಕೊಂಡು ಹೋದರು. ನಾನು ಅಂಚೆ ಕಚೇರಿ ಬಿಟ್ಟ ಮೇಲೆ ಬಂದ ಹೊಸ ಹುಡುಗಿ ಮೆಷಿನ್ನಿನಲ್ಲಿ ಚುರುಕಾಗಿದ್ದಾಳೆ, ವಿಳಾಸ ಓದುವುದರಲ್ಲಿ ಇಲ್ಲ. ನಿನ್ನೆ ಶಿವಮಲ್ಲಪ್ಪನ ಕಾಗದವನ್ನು ಮಲ್ಲಪ್ಪನ ಮನೆಗೆ ಕೊಡಿಸಿದ್ದಳು. ಮೂವತ್ತೆಂಟು ವರ್ಷದಲ್ಲಿ ನನ್ನಿಂದ ಇಂಥದ್ದು ಆಗಿರಲಿಲ್ಲ ಎಂದು ಊರಿನವರು ಹೇಳುತ್ತಾರೆ.

ಹೊರಗಿನವರ ಮನೆಯಲ್ಲಿ ಇದ್ದೀಯ. ಅವರ ಕಷ್ಟ ಅವರದು. ಹೆಚ್ಚು ಕೇಳಲು ಹೋಗಬೇಡ. ಓದಿನ ಕಡೆ ಗಮನವಿರಲಿ.

ಇತಿ ನಿನ್ನ ತಂದೆ
ಮಹದೇವಯ್ಯ


ಪೊಪಯಾನ್ ಹತ್ತಿರ
20 ಅಕ್ಟೋಬರ್ 2024

ಅಪ್ಪ,

ಹೆಚ್ಚು ಕೇಳಬೇಡ ಎಂದು ಬರೆದಿದ್ದಿರಿ. ನಾನು ಕೇಳಲಿಲ್ಲ. ಅವರೇ ನನ್ನನ್ನು ಕೇಳಿದರು.

ಪ್ರತಿ ಶುಕ್ರವಾರ ದೋನ್ಯ ಎಲ್ವಿರಾ ಪೇಟೆಯ ಚೌಕಕ್ಕೆ ಹೋಗಿ ನಿಲ್ಲುತ್ತಾರೆ, ಎದೆಯ ಮೇಲೆ ಮಗನ ಫೋಟೋ. ಅವರಂಥ ಹೆಂಗಸರು ಇಪ್ಪತ್ತು ಮೂವತ್ತು ಜನ. ಒಂದು ಗಂಟೆ ನಿಂತು ವಾಪಸ್ಸಾಗುತ್ತಾರೆ. ಎರ್ನಾನ್ ಒಮ್ಮೆಯೂ ಹೋದವರಲ್ಲ, ಮಗನ ಹೆಸರನ್ನೂ ಎತ್ತುವುದಿಲ್ಲ. ಆಕೆ ಬರುವ ಹೊತ್ತಿಗೆ ಕಾಫಿ ಕಾಯಿಸಿ ಇಟ್ಟಿರುತ್ತಾರೆ, ಅಷ್ಟೇ.

ಕಳೆದ ಶುಕ್ರವಾರ ನಾನೂ ಜೊತೆಗೆ ಹೋಗಿದ್ದೆ. ಬಸ್ಸಿನಲ್ಲಿ ಬರುವಾಗ ನಿನಗೆ ಒಡಹುಟ್ಟಿದವರೆಷ್ಟು ಎಂದು ಕೇಳಿದರು. ಯಾರೂ ಇಲ್ಲ ಅಂದೆ. ಮೂರು ವರ್ಷದಿಂದ ಎಲ್ಲರಿಗೂ ಹಾಗೆ ಹೇಳಿ ಬಾಯಿ ಅಭ್ಯಾಸವಾಗಿದೆ. ಅವರ ಎದೆಯ ಮೇಲೆ ಆ ಫೋಟೋ ಇತ್ತು. ಮನೆ ಹತ್ತಿರ ಬರುವಷ್ಟರಲ್ಲಿ ತಡೆಯಲಾಗದೆ, ಒಬ್ಬಳು ಅಕ್ಕ ಇದ್ದಾಳೆ, ಪುಷ್ಪ ಅಂತ, ಎಂದು ಹೇಳಿದೆ. ಶಾಲೆಯಲ್ಲಿ ಪಾಠ ಮಾಡಲು ಹೋದ ಊರಿನಲ್ಲಿ ಬೇರೆ ಜಾತಿಯ, ಬೇರೆ ಭಾಷೆಯ ತೆಪ್ಪ ನಡೆಸುವವನನ್ನು ಮದುವೆಯಾದಳು, ಆಮೇಲೆ ಅವಳು ಮನೆಗೆ ಬಂದಿಲ್ಲ, ನಾವು ಅವಳಲ್ಲಿಗೆ ಹೋಗಿಲ್ಲ ಎಂದೆ.

"ಬದುಕಿದ್ದಾಳಾ?" ಅಂದರು.

"ಇದ್ದಾಳೆ."

"ಎಲ್ಲಿದ್ದಾಳೆ ಎಂದು ಗೊತ್ತಾ?"

"ಗೊತ್ತು. ಎರಡು ಬಸ್ಸು ಬದಲಾಯಿಸಿದರೆ ಸಿಗುವ ಊರು."

ನನ್ನ ಸ್ಪ್ಯಾನಿಶ್ ಸರಿಯಿಲ್ಲ ಎಂದುಕೊಂಡರೋ ಏನೋ, ಅದೇ ಪ್ರಶ್ನೆಯನ್ನು ಎರಡು ಸಲ ಕೇಳಿದರು.

ಅಪ್ಪ, ಇನ್ನೊಂದು ವಿಷಯ ನಿಮಗೆ ಹೇಳಿಲ್ಲ. ಎರಡು ವರ್ಷದ ಹಿಂದೆ ಮೇ ತಿಂಗಳಲ್ಲಿ, ನನ್ನ ಡಿಗ್ರಿ ಪರೀಕ್ಷೆಯ ಸಮಯ, ಗೊತ್ತಿಲ್ಲದ ನಂಬರಿನಿಂದ ನಾಲ್ಕು ಸಲ ಫೋನ್ ಬಂತು. ಯಾರೆಂದು ನನಗೆ ಗೊತ್ತಿತ್ತು. ತೆಗೆಯಲಿಲ್ಲ. ತೆಗೆದರೆ ನಿಮಗೆ ತಿಳಿದು ನನ್ನ ಓದು ಬಿಡಿಸುತ್ತೀರಿ ಎಂಬ ಭಯ ಒಂದು ಕಡೆ, ಇವಳಿಂದಲೇ ನನಗೆ ಹಾಸ್ಟೆಲ್ಲಿನಲ್ಲೂ ಕಾವಲು ಬಿತ್ತು ಎಂಬ ಸಿಟ್ಟು ಇನ್ನೊಂದು ಕಡೆ. ಆಮೇಲೆ ಆ ನಂಬರು ಮತ್ತೆ ಬರಲಿಲ್ಲ.

ಯಾರಾದರೂ ಒಮ್ಮೆ ಅಕ್ಕನಿರುವ ಗೋಪಿನಾಥಂಗೆ ಹೋಗಿ ಬನ್ನಿ. ನೀವು ಹೋಗದಿದ್ದರೆ ಅವ್ವನನ್ನಾದರೂ ಕಳಿಸಿ. ಈ ಕಾಗದವನ್ನು ಅವ್ವನಿಗೆ ಓದಿ, ಅವಳು ಏನಂದಳು ಎಂದು ಬರೆಯಿರಿ.

ಯಶೋದ


ಶಾಗ್ಯ
9 ನವೆಂಬರ್ 2024

ಚಿ. ಯಶೋದಳಿಗೆ ಆಶೀರ್ವಾದಗಳು.

ಪತ್ರ ತಲುಪಿತು. ನಿನ್ನ ತಾಯಿಗೆ ಓದಿದೆ. ಅವಳು ಏನೂ ಹೇಳಲಿಲ್ಲ.

ಆ ಮನೆಯ ವಾತಾವರಣ ನಿನ್ನ ಓದಿಗೆ ಒಳ್ಳೆಯದಲ್ಲ ಎಂದು ನನ್ನ ಅಭಿಪ್ರಾಯ. ವಿಶ್ವವಿದ್ಯಾಲಯದವರನ್ನು ಕೇಳಿ ಬೇರೆ ಮನೆಗೆ ಬದಲಾಯಿಸಿಕೋ. ಗೋಪಿನಾಥಂ ವಿಷಯ ಇನ್ನು ಮುಂದೆ ಬರೆಯತಕ್ಕದ್ದಲ್ಲ.

ರಾಗಿ ಕೊಯ್ಲು ಮುಗಿಯಿತು.

ಮಹದೇವಯ್ಯ


ಪೊಪಯಾನ್ ಹತ್ತಿರ
26 ಜನವರಿ 2025

ಅಪ್ಪ,

ಎರಡು ತಿಂಗಳಿಗೂ ಹೆಚ್ಚು ಬರೆಯಲಿಲ್ಲ. ಮನೆ ಬದಲಾಯಿಸಲಿಲ್ಲ.

ಈ ತಿಂಗಳ ಮೊದಲ ವಾರ ಕಾಣೆಯಾದವರನ್ನು ಹುಡುಕುವ ಕಚೇರಿಯಿಂದ ಫೋನ್ ಬಂತು. ಬೆಟ್ಟದ ಮೇಲಿನ ಒಂದು ಕಾಫಿ ತೋಟದಲ್ಲಿ ಸಿಕ್ಕಿದ ಮೂಳೆಗಳಲ್ಲಿ ಒಬ್ಬರದು ದೋನ್ಯ ಎಲ್ವಿರಾರ ಎಂಜಲಿನ ಡಿ.ಎನ್.ಎ. ಪರೀಕ್ಷೆಗೆ ಹೊಂದಿಕೆಯಾಗಿದೆಯಂತೆ. ಹೋದ ಗುರುವಾರ ಬರಹೇಳಿದ್ದರು. ಎರ್ನಾನ್ ಕಟ್ಟಡದ ಬಾಗಿಲವರೆಗೆ ಬಂದು ಹೊರಗೇ ಕೂತರು. ದೋನ್ಯ ಎಲ್ವಿರಾ ಒಳಗೆ ನನ್ನನ್ನು ಕರೆದುಕೊಂಡು ಹೋದರು.

ಉದ್ದನೆಯ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಜೋಡಿಸಿಟ್ಟಿದ್ದರು. ಬಲಗಾಲಿನ ಪಾದ ಇರಲಿಲ್ಲ. ಒಬ್ಬ ಡಾಕ್ಟರು ಹೆಂಗಸು ಒಂದೊಂದನ್ನೂ ತೋರಿಸಿ ಇದು ಇಂಥದ್ದು ಎಂದು ಮೆಲ್ಲಗೆ ಹೇಳುತ್ತಾ ಹೋದರು. ಎಡಗೈ ಮೂಳೆಯಲ್ಲಿ ಹಳೆಯ ಮುರಿತ ಕೂಡಿಕೊಂಡ ಗುರುತಿತ್ತು. ಅದನ್ನು ನೋಡಿ ದೋನ್ಯ ಎಲ್ವಿರಾ, "ಎಂಟು ವರ್ಷದವನಿದ್ದಾಗ ಸೀಬೆಮರದಿಂದ ಬಿದ್ದಿದ್ದ. ನಾನೇ ಹೊತ್ತುಕೊಂಡು ಓಡಿದ್ದೆ" ಅಂದರು. ತಲೆಬುರುಡೆಯ ಮೇಲೆ ಕೈಯಿಟ್ಟು ಸವರಿದರು, ಮಲಗಿದ ಮಗುವಿನ ತಲೆ ಸವರುವ ಹಾಗೆ. ಹಿಂದಿನ ಭಾಗದಲ್ಲಿ ತೂತು ಇತ್ತು. ಅವರ ಬೆರಳು ಅಲ್ಲಿ ನಿಂತಿತು.

ಆಮೇಲೆ ಎಲ್ಲವನ್ನೂ ಒಂದು ಸಣ್ಣ ಮರದ ಪೆಟ್ಟಿಗೆಯಲ್ಲಿ ಇಟ್ಟರು. "ಇವನು ಉದ್ದಕ್ಕಿದ್ದ" ಎಂದು ದೋನ್ಯ ಎಲ್ವಿರಾ ಎರಡು ಸಲ ಅಂದರು.

ಮಣ್ಣು ಮಾಡುವುದು ಮಾರ್ಚಿನಲ್ಲಿ. ಕಾಗದಪತ್ರ ಬಾಕಿ ಇವೆ.

ಇದನ್ನು ನಿಮಗೆ ಬರೆಯಲು ಕಾರಣವಿದೆ. ಹೋದ ಭಾನುವಾರ ನೀವು ಹೊಲಕ್ಕೆ ಹೋಗಿದ್ದಿರಿ, ಪಕ್ಕದ ಮನೆಯ ಅಂಗನವಾಡಿ ಟೀಚರು ಚನ್ನಮಲ್ಲಮ್ಮ ಅವ್ವನಿಗೆ ಫೋನ್ ಹಿಡಿದುಕೊಂಡಿದ್ದರು. ನಾನು ಬರೆದದ್ದಕ್ಕೆ ನೀನು ಯಾಕೆ ಏನೂ ಹೇಳಲಿಲ್ಲ ಅವ್ವ ಎಂದು ಕೇಳಿದೆ. "ಏನ್ ಹೇಳನವ್ವ, ಹುಳ ಚೆಂದಾಗಿ ಮೇಯ್ತವೆ, ರೊಟ್ಟಿ ದಪ್ಪಕ್ಕವೆ ಅಂತ ತಾನೆ ಬರ್ದಿರದು. ನಿಮ್ಮಪ್ಪ ಎಲ್ಲ ಓದುದ್ರು" ಅಂದಳು.

ನೀವು ಓದಿಲ್ಲ. ಬೇಕಾದಷ್ಟು ಓದಿ ಉಳಿದದ್ದನ್ನು ಬಿಟ್ಟಿದ್ದೀರಿ. ಅಕ್ಕನ ಹೆಸರು ಅವ್ವನ ಕಿವಿಗೆ ಬಿದ್ದೇ ಇಲ್ಲ.

ಮುಂದಿನ ಕಾಗದವನ್ನು ಚನ್ನಮಲ್ಲಮ್ಮನ ಮೊಬೈಲಿಗೆ ಕಳಿಸುತ್ತೇನೆ. ಅವರು ಅವ್ವನಿಗೆ ಓದಲಿ.

ಯಶೋದ


ಶಾಗ್ಯ
6 ಫೆಬ್ರವರಿ 2025

ಯಶೋದ,

ಚನ್ನಮಲ್ಲಮ್ಮನಿಗೆ ಕಳಿಸುವ ಮುಂಚೆ ಇದನ್ನು ಓದು. ನಾಲ್ಕು ಸಲ ಬರೆದು ಹರಿದೆ.

2022ನೇ ಇಸವಿ ಜೂನ್ 17ನೇ ತಾರೀಖು ಅಂಚೆ ಚೀಲ ಬಿಚ್ಚಿದಾಗ ಅದರಲ್ಲಿ ಒಂದು ಕವರು ಇತ್ತು. ಶ್ರೀಮತಿ ಪುಟ್ಟಬಸಮ್ಮನವರಿಗೆ ಎಂದು ನಿನ್ನ ತಾಯಿಯ ಹೆಸರಿಗೆ ವಿಳಾಸ. ಪುಷ್ಪಳ ಅಕ್ಷರವಲ್ಲ. ಮೊಹರು ನೋಡಿದೆ, ಗೋಪಿನಾಥಂ ಕಡೆಯದು. ಕಾಗದ ಹಂಚುವ ರಂಗರಾಜು ಬರುವುದಕ್ಕೆ ಮುಂಚೆ ಅದನ್ನು ಜೇಬಿಗೆ ಹಾಕಿಕೊಂಡೆ. ಹಿತ್ತಲಿನಲ್ಲಿ ನಿಂತು ಒಡೆದೆ.

ಅವಳ ಗಂಡ ಚಿನ್ನಸ್ವಾಮಿ ಯಾರ ಕೈಲೋ ಕನ್ನಡದಲ್ಲಿ ಬರೆಸಿದ್ದ. ಹೆರಿಗೆ ನೋವು ಬಂದು ಆಂಬುಲೆನ್ಸಿನಲ್ಲಿ ಕರೆದೊಯ್ಯುವಾಗ ತಾಳಬೆಟ್ಟದ ಹತ್ತಿರ ಪುಷ್ಪ ತೀರಿಕೊಂಡಳು. ಮಗು ಹೆಣ್ಣು, ಉಳಿದಿದೆ. ಹನ್ನೊಂದನೆಯ ದಿನಕ್ಕೆ ತಾಯಿ ಬಂದರೆ ಒಳ್ಳೆಯದು. ಇಷ್ಟೇ ಇತ್ತು.

ನಿನ್ನ ತಾಯಿಗೆ ಹೇಳಲಿಲ್ಲ. ಅವಳು ತಡೆದುಕೊಳ್ಳುವುದಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದು ನಿಜವಲ್ಲ. ಪುಷ್ಪ ಮನೆ ಬಿಟ್ಟು ಹೋದ ವರ್ಷ ಪಂಚಾಯಿತಿ ಕಟ್ಟೆಯ ಮೇಲೆ ಹತ್ತು ಜನರ ಮುಂದೆ ನನಗಿರುವುದು ಒಬ್ಬಳೇ ಮಗಳು ಎಂದು ಹೇಳಿದ್ದೆ. ಇಲ್ಲದ ಮಗಳ ಸಾವಿಗೆ ಹೇಗೆ ಅಳುವುದು ಎಂದು ತೋಚಲಿಲ್ಲ. ನಾಳೆ ಹೇಳೋಣ ಅಂದುಕೊಂಡೆ. ಮಾರನೆಯ ದಿನ, ನಿನ್ನೆ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾಳಲ್ಲ ಅನ್ನಿಸಿತು. ಹನ್ನೊಂದನೆಯ ದಿನ ಕಳೆಯಿತು. ತಿಂಗಳು ಕಳೆಯಿತು. ಒಂದು ವರ್ಷವಾದ ಮೇಲೆ ಹೇಳುವ ಮಾತೇ ಉಳಿಯಲಿಲ್ಲ.

ಹಬ್ಬದ ದಿನ ನಿನ್ನ ತಾಯಿ ಪುಷ್ಪಳ ಪಾಲಿನ ಹೋಳಿಗೆ ತೆಗೆದಿಟ್ಟು ಸಾಯಂಕಾಲ ಹಸುವಿಗೆ ಹಾಕುತ್ತಾಳೆ. ನನಗೆ ತಿಳಿಯದು ಎಂದುಕೊಂಡಿದ್ದಾಳೆ.

ಈಗ ನಿನಗೂ ತಿಳಿಯಿತು. ಏನು ಮಾಡುತ್ತೀಯೋ ನಿನಗೆ ಬಿಟ್ಟದ್ದು.

ಮಹದೇವಯ್ಯ


ಪೊಪಯಾನ್ ಹತ್ತಿರ
8 ಫೆಬ್ರವರಿ 2025

ಅಪ್ಪ,

ಅಕ್ಕ ತೀರಿಕೊಂಡದ್ದು ಜೂನಿನಲ್ಲಿ. ನನಗೆ ಆ ಫೋನುಗಳು ಬಂದದ್ದು ಅದರ ಹಿಂದಿನ ತಿಂಗಳು.

ನಾನು ಅವ್ವನಿಗೆ ಬರೆಯುವುದಿಲ್ಲ. ನೀವೇ ಹೇಳಬೇಕು. ಶಿವರಾತ್ರಿಯವರೆಗೆ ಕಾಯುತ್ತೇನೆ. ಭಾನುವಾರ ಫೋನ್ ಮಾಡುವುದಿಲ್ಲ. ಅವ್ವನ ಮುಖ ನೋಡಿ ಉಂಡ್ಯಾ ಅನ್ನಲು ನನ್ನಿಂದ ಆಗುವುದಿಲ್ಲ.

ಯಶೋದ


ಶಾಗ್ಯ
3 ಮಾರ್ಚ್ 2025

ಯಶೋದವ್ವನಿಗೆ ಚನ್ನಮಲ್ಲಮ್ಮ ಮಾಡುವ ಆಶೀರ್ವಾದ.

ನಿಮ್ಮವ್ವ ಬರೆಯಲು ಹೇಳಿದ್ದಾಳೆ, ಬರೆಯುತ್ತಿದ್ದೇನೆ. ಎಲ್ಲಾ ನನ್ನ ಕಣ್ಣೆದುರೇ ನಡೆಯಿತು.

ಶಿವರಾತ್ರಿಯ ಹಿಂದಿನ ದಿನ ಬೆಳಿಗ್ಗೆ ನಿಮ್ಮಪ್ಪ ಬಂದು ಮನೆಗೆ ಕರೆದರು. ನಿಮ್ಮವ್ವ ಜಗಲಿಯ ಮೇಲೆ ಅಕ್ಕಿ ಆರಿಸುತ್ತಿದ್ದಳು. ನಿಮ್ಮಪ್ಪ ಒಂದು ಕವರು ನನ್ನ ಕೈಗಿಟ್ಟು, "ಇದು ಇವಳ ಹೆಸರಿಗೆ ಬಂದದ್ದು, ಓದಿ" ಎಂದು ಹೇಳಿ ಕಂಬ ಹಿಡಿದು ನಿಂತರು. ಒಳಗೆ ಏನಿದೆ ಎಂದು ನನಗೆ ಗೊತ್ತಿದ್ದರೆ ಓದುತ್ತಿರಲಿಲ್ಲ ಕಣವ್ವ. ಅರ್ಧಕ್ಕೆ ಬಂದಾಗ ನನ್ನ ನಾಲಿಗೆ ನಿಂತಿತು. ನಿಮ್ಮವ್ವ, "ಓದವ್ವ, ಅಲ್ಲಿಗೆ ನಿಲ್ಲುಸ್ಬೇಡ" ಅಂದಳು. ಮುಗಿಸಿದೆ.

ಅವಳು ಅಳಲಿಲ್ಲ. ತಾರೀಖು ಓದು ಅಂದಳು. ಓದಿದೆ. ಮೊರದಲ್ಲಿ ಉಳಿದ ಅಕ್ಕಿಯನ್ನು ಪೂರ್ತಿ ಆರಿಸಿ ಒಳಗಿಟ್ಟು ಬಂದಳು. "ನಾಳೀಕೆ ಬಸ್ಸೆಷ್ಟೊತ್ತಿಗೆ? ನಂಜೊತೆ ಬತ್ತೀಯಾ?" ಎಂದು ನನ್ನನ್ನು ಕೇಳಿದಳು. ನಿಮ್ಮಪ್ಪನ ಕಡೆ ನೋಡಲಿಲ್ಲ.

ಹನೂರಿಗೆ ಬಂದೆವು. ಶಿವರಾತ್ರಿಯಾದ್ದರಿಂದ ಬೆಟ್ಟದ ಬಸ್ಸುಗಳೆಲ್ಲ ತುಂಬಿದ್ದವು. ಮಾದಪ್ಪನ ಹೆಸರು ಕೂಗುವವರ ನಡುವೆ ನಿಂತುಕೊಂಡೇ ಹೋದೆವು. ತಾಳಬೆಟ್ಟ ಬಂದಾಗ ನಿಮ್ಮವ್ವ ಕಿಟಕಿಯ ಕಡೆ ಬಗ್ಗಿ, "ಎಲ್ಲಿ ಅಂತ ಬರ್ದಿಲ್ವಾ?" ಎಂದು ಕೇಳಿದಳು. ಜಾಗ ಬರೆದಿರಲಿಲ್ಲ. ಬೆಟ್ಟದಲ್ಲಿ ಮೂರು ಗಂಟೆ ಕಾದು ಗೋಪಿನಾಥಂ ಬಸ್ಸು ಹಿಡಿದೆವು.

ಚಿನ್ನಸ್ವಾಮಿ ಮನೆಯ ಮುಂದೆ ಬಲೆ ಹೊಲಿಯುತ್ತಾ ಕೂತಿದ್ದ. ಅವನ ತಾಯಿ ಒಳಗಿಂದ ಬಂದಳು, ಸೊಂಟದ ಮೇಲೆ ಕೂಸು. ಕಣ್ಣು ಥೇಟು ಪುಷ್ಪಂದೇ. ಅದು ನಮ್ಮನ್ನು ನೋಡಿ, "ಪಾಟಿ, ಯಾರು?" ಎಂದು ಅಜ್ಜಿಯನ್ನು ಕೇಳಿತು. ಕೂಸಿನ ಮಾತು ಪೂರ್ತಿ ತಮಿಳು, ಆ 'ಯಾರು' ಒಂದು ಮಾತ್ರ ನಮಗೆ ತಿಳಿಯಿತು. ನಿಮ್ಮವ್ವ ಕೈ ಚಾಚಿದಳು. ಕೂಸು ಹೆದರಿ ಅಜ್ಜಿಯ ಕುತ್ತಿಗೆಗೆ ಮುಖ ಒತ್ತಿಕೊಂಡಿತು.

ಚಿನ್ನಸ್ವಾಮಿ ಎದ್ದು ನಿಲ್ಲಲಿಲ್ಲ. "ಯಾಕಮ್ಮಾ ಬಂದಿರಿ ಈಗ? ಕಾಗದ ಹಾಕಿದ್ನಲ್ಲ, ಆಗ ಬರಲಿಲ್ಲ" ಅಂದ.

"ನಂಗೆ ಸಿಕ್ನಿಲ್ಲ ಕನಪ್ಪ. ನೆನ್ನೆ ಸಿಕ್ತು."

"ಅವಳು ಹಾಕಿದ್ದೂ ಸಿಗಲಿಲ್ವಾ? ಹೊಟ್ಟೇಲಿ ಮಗು ಇಟ್ಕೊಂಡು ಮೂರು ಕಾಗದ ಬರೆದಳು. ಇಲ್ಲಿ ಆಸ್ಪತ್ರೆ ಇಲ್ಲ, ಅಮ್ಮನ ಮನೇಲಿ ಇದ್ದರೆ ಹನೂರು ಹತ್ತಿರ ಅಂತ. ದಿನಾ ಬಸ್ಸು ನಿಲ್ಲೋ ಜಾಗಕ್ಕೆ ಹೋಗಿ ಕೂತ್ಕೊಳ್ತಿದ್ದಳು, ಅಮ್ಮ ಬರ್ತಾಳೆ ಅಂತ. ಮೂರೂ ಸಿಗಲಿಲ್ಲ ಅಂದರೆ ನಾನು ನಂಬಬೇಕಾ?"

ನಿಮ್ಮವ್ವ ಅಲ್ಲೇ ಮಣ್ಣಿನ ಮೇಲೆ ಕುಸಿದು ಕೂತಳು. ನಾನು ನೀರು ಕುಡಿಸಿದೆ.

ಆಮೇಲೆ ಅವನ ತಾಯಿಯೇ ಎದ್ದು ನದಿಯ ದಾರಿಗೆ ಕರೆದುಕೊಂಡು ಹೋಗಿ ಹುಣಸೆಮರದ ಕೆಳಗೆ ಪುಷ್ಪಳನ್ನು ಇಟ್ಟಿರುವ ಜಾಗ ತೋರಿಸಿದಳು. ಮೇಲೆ ನಾಲ್ಕು ಕಲ್ಲು, ಬೇರೇನೂ ಇಲ್ಲ. ನಿಮ್ಮವ್ವ ಅದರ ಮೇಲೆ ಕೈಯೂರಿ ಬಹಳ ಹೊತ್ತು ಇದ್ದಳು. ಕೊನೇ ಬಸ್ಸಿಗೆ ಹೊರಡೋಣ ಅಂದೆ. "ನೀ ಓಗು. ನಾನು ಬರಾಕಿಲ್ಲ" ಅಂದಳು. ಎಲ್ಲಿರುತ್ತೀ ಅಂದರೆ, "ಇಲ್ಲೇ ಎಲ್ಲಾರ ಇರ್ತೀನಿ. ಅವ್ರು ಬೈದ್ರೆ ಬೈಸ್ಕತೀನಿ" ಅಂದಳು.

ಮೇಕೆ ಕಟ್ಟುವ ಚಪ್ಪರದ ಪಕ್ಕ ಒಂದು ಕೋಣೆ ಇದೆ. ಚಿನ್ನಸ್ವಾಮಿ ಬೇಡ ಅನ್ನಲಿಲ್ಲ, ಇರಿ ಅಂತಲೂ ಅನ್ನಲಿಲ್ಲ. ಅವನ ತಾಯಿ ಒಂದು ಚಾಪೆ ತಂದು ಹಾಸಿದಳು. ಮೀನು ಬೇಯುವ ಮನೆ ಅದು. ನಿಮ್ಮವ್ವ ಮೂರು ಕಲ್ಲು ಹೂಡಿ ತನ್ನ ಗಂಜಿ ತಾನು ಕಾಯಿಸಿಕೊಂಡಳು.

ಹೊರಡುವಾಗ ನನಗೆ ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ: "ಅವ್ಳು ಮೂರು ಕಾಗ್ದ ಬರ್ದವ್ಳಂತೆ, ಒಂದೂ ನನ್ ಕೈಗೆ ಬರ್ನಿಲ್ಲ. ಯಶೋದುಂಗೆ ಬರಿ. ಓದಿ ಮುಗುಸ್ಲಿ. ಅಳ್ತಾ ಕೂತ್ಕಬ್ಯಾಡ ಅನ್ನು."

ಚನ್ನಮಲ್ಲಮ್ಮ


ಪೊಪಯಾನ್ ಹತ್ತಿರ
4 ಮಾರ್ಚ್ 2025

ಅಪ್ಪ,

ಇನ್ನು ಮೂರು ಕಾಗದ ಎಲ್ಲಿವೆ?

ಯಶೋದ


ಶಾಗ್ಯ
2 ಏಪ್ರಿಲ್ 2025

ಯಶೋದ,

ಅವು ನನ್ನ ಟ್ರಂಕಿನಲ್ಲಿದ್ದವು. ಒಡೆದಿರಲಿಲ್ಲ. ಅಕ್ಷರ ಪುಷ್ಪಳದೆಂದು ತಿಳಿದಾಗ ಒಳಗಿನದು ನನಗೆ ಬೇಡವಾಗಿತ್ತು. ಬೇರೆಯವರ ಕಾಗದ ಒಡೆಯುವುದು ತಪ್ಪು ಎಂದೂ ಆಗ ಮನಸ್ಸಿನಲ್ಲಿತ್ತು. ಇದನ್ನು ಬರೆಯುವಾಗ ನನಗೇ ನಾಚಿಕೆಯಾಗುತ್ತಿದೆ. ಫೆಬ್ರವರಿಯಲ್ಲಿ ನಿನಗೆ ಬರೆದಾಗ ಇದನ್ನು ಮುಚ್ಚಿಟ್ಟೆ. ಒಂದನ್ನು ಒಪ್ಪಿಕೊಂಡರೆ ಉಳಿದದ್ದು ಅಲ್ಲಿಗೇ ಮುಗಿಯುತ್ತದೆ ಎಂದುಕೊಂಡಿದ್ದೆ.

ಯುಗಾದಿ ಕಳೆದ ಮಾರನೆಯ ದಿನ ಮೂರನ್ನೂ ತೆಗೆದುಕೊಂಡು ಗೋಪಿನಾಥಂಗೆ ಹೋದೆ. ನಿನ್ನ ತಾಯಿ ಚಪ್ಪರದ ಕೆಳಗೆ ಮೇಕೆಗೆ ಸೊಪ್ಪು ಹಾಕುತ್ತಿದ್ದಳು. ಇಳಿದುಹೋಗಿದ್ದಾಳೆ. ಕಾಗದಗಳನ್ನು ಮುಂದೆ ಇಟ್ಟೆ. ಮುಟ್ಟಿ ನೋಡಿದಳು. ಚಿನ್ನಸ್ವಾಮಿ, ಅವನ ತಾಯಿ ಇಬ್ಬರೂ ಅಲ್ಲೇ ಇದ್ದರು.

"ಓದು" ಅಂದಳು. "ನೀನೇ ಓದು. ಜೋರಾಗಿ ಓದು, ಅವ್ರಿಗೂ ಕೇಳ್ಲಿ."

ಮೂವತ್ತೊಂದು ವರ್ಷದಲ್ಲಿ ನನ್ನನ್ನು ಅವಳು 'ನೀನು' ಅಂದದ್ದು ಅದೇ ಮೊದಲು.

ಓದಿದೆ. ಮೊದಲನೆಯದರಲ್ಲಿ, ಬಸುರಿ, ನಾಲ್ಕು ತಿಂಗಳು, ಹುಣಸೆಹಣ್ಣಿನ ಗೊಜ್ಜು ತಿನ್ನಬೇಕೆನ್ನಿಸುತ್ತದೆ ಎಂದು ಬರೆದಿದ್ದಳು. ಎರಡನೆಯದರಲ್ಲಿ, ಬಿ.ಪಿ. ಏರಿದೆ, ಕಡೆಯ ತಿಂಗಳು ಆಸ್ಪತ್ರೆಯ ಹತ್ತಿರ ಇರಬೇಕೆಂದು ಡಾಕ್ಟರು ಹೇಳಿದ್ದಾರೆ, ಅಪ್ಪ ನನ್ನ ಜೊತೆ ಮಾತಾಡುವುದು ಬೇಡ, ಕೊಟ್ಟಿಗೆಯಲ್ಲಿ ಜಾಗ ಕೊಟ್ಟರೂ ಇರುತ್ತೇನೆ ಎಂದು ಇತ್ತು. ಮೂರನೆಯದು ನಾಲ್ಕೇ ಸಾಲು. ಇದನ್ನು ನಿನಗೆ ಬರೆಯಬಾರದು ಎಂದುಕೊಂಡಿದ್ದೆ. ಬಿಟ್ಟು ಓದುವುದನ್ನು ಇನ್ನು ಮಾಡುವುದಿಲ್ಲ. ಹೀಗಿತ್ತು:

'ಅವ್ವ, ಯಶೋದಳಿಗೂ ಫೋನ್ ಮಾಡಿದೆ. ತೆಗೆಯಲಿಲ್ಲ. ಪರೀಕ್ಷೆ ಇರಬೇಕು, ಅವಳನ್ನು ಬೈಯಬೇಡ. ಕಾಲು ಊದಿದೆ, ಕಣ್ಣು ಮಂಜಾಗುತ್ತದೆ. ನೀನು ಬಂದರೆ ಸಾಕು.'

ನಾನು ಓದಿ ಮುಗಿಸಿದ ಮೇಲೆ ಚಿನ್ನಸ್ವಾಮಿ ಎದ್ದು ನದಿಯ ಕಡೆ ಹೋದ. ಅವನು ನನಗೆ ಹೊಡೆದಿದ್ದರೆ ಸಮಾಧಾನವಾಗುತ್ತಿತ್ತು. ನಿನ್ನ ತಾಯಿ ಮೂರೂ ಕಾಗದವನ್ನು ಮಡಿಸಿ ಸೆರಗಿಗೆ ಕಟ್ಟಿಕೊಂಡಳು. "ಬಸ್ಸು ಬರೊತ್ತಾಯ್ತು, ಓಗು" ಅಂದಳು. ಮನೆಗೆ ಬಾ ಎಂದು ಕರೆಯಲು ಬಾಯಿ ಬರಲಿಲ್ಲ.

ಊರಿನಲ್ಲಿ ಎಲ್ಲರಿಗೂ ತಿಳಿದಿದೆ. ಯಾರೂ ಏನೂ ಕೇಳುವುದಿಲ್ಲ. ಅಂಚೆ ಕಚೇರಿಯ ಮುಂದೆ ಹಾದು ಹೋಗುವುದನ್ನು ಬಿಟ್ಟಿದ್ದೇನೆ. ಹಿಂದಿನ ಓಣಿಯಲ್ಲಿ ಹೋಗುತ್ತೇನೆ.

ಉತ್ತರ ಬರೆಯಬೇಕೆಂದಿಲ್ಲ.

ಮಹದೇವಯ್ಯ


ಪೊಪಯಾನ್ ಹತ್ತಿರ
11 ಮೇ 2025

ಅವ್ವ,

ಗೋಪಿನಾಥಂ ಶಾಲೆಯ ಮೇಷ್ಟ್ರು ಶಿವನಂಜಯ್ಯನವರ ನಂಬರು ಚನ್ನಮಲ್ಲಮ್ಮ ಕೊಟ್ಟರು. ಅವರು ಇದನ್ನು ನಿನಗೆ ಓದುತ್ತಾರೆ. ಮೇಷ್ಟ್ರೇ, ದಯವಿಟ್ಟು ಎಲ್ಲವನ್ನೂ ಓದಿ.

ಅವ್ವ, ಅಕ್ಕನ ಫೋನು ನಾನು ತೆಗೆಯಲಿಲ್ಲ. ಅದು ಅವಳದೆಂದು ತಿಳಿದೇ ತೆಗೆಯಲಿಲ್ಲ. ಪರೀಕ್ಷೆ ಇರಬೇಕು ಎಂದು ಅವಳು ನನ್ನ ಪರವಾಗಿ ಬರೆದಿದ್ದಾಳೆ. ಅವಳು ಫೋನ್ ಮಾಡಿದ ನಾಲ್ಕು ದಿನಗಳಲ್ಲಿ ಎರಡು ದಿನ ಮಾತ್ರ ಪರೀಕ್ಷೆ ಇತ್ತು. ಉಳಿದ ಎರಡು ದಿನ ನಾನು ಕೋಣೆಯಲ್ಲಿ ಫೋನು ಕೈಯಲ್ಲಿ ಹಿಡಿದು, ಅದು ಹೊಡೆದುಕೊಂಡು ನಿಲ್ಲುವವರೆಗೂ ನೋಡುತ್ತಾ ಕೂತಿದ್ದೆ. ನೀನು ಅಪ್ಪನಿಗೆ 'ಓಗು' ಅಂದ ಹಾಗೆ ನನಗೂ ಅನ್ನಬಹುದು.

ನಾನಿರುವ ಮನೆಯ ವಿಷಯ ನಿನಗೆ ಅಪ್ಪ ಪೂರ್ತಿ ಓದಿಲ್ಲ. ಇಲ್ಲಿಯ ತಾಯಿ ಇಪ್ಪತ್ತೆರಡು ವರ್ಷ ಮಗನನ್ನು ಹುಡುಕಿದರು. ಮೂಳೆ ಸಿಕ್ಕಿತು, ಮಾರ್ಚಿನ ಕೊನೆಯಲ್ಲಿ ಮಣ್ಣು ಮಾಡಿದರು. ಇನ್ನಾದರೂ ನೆಮ್ಮದಿ ಎಂದು ಎಲ್ಲರೂ ಹೇಳಿದರು. ಹಾಗಾಗಲಿಲ್ಲ. ಶುಕ್ರವಾರ ಹೋಗುವುದಕ್ಕೆ ಚೌಕವಿಲ್ಲ, ಹಿಡಿಯುವುದಕ್ಕೆ ಫೋಟೋ ಇಲ್ಲ. ಹಾಸಿಗೆಯಿಂದ ಏಳುತ್ತಿಲ್ಲ. ಎರಡು ಸಲ ಸೊಪ್ಪು ಹಾಕುವವರಿಲ್ಲದೆ ಹುಳ ಸತ್ತವು. ಎರ್ನಾನ್ ಮಗನ ಅಂಗಿಗಳನ್ನು ತೆಗೆದು ಯಾರಿಗೋ ಕೊಟ್ಟು ಬಂದರು. ಅದನ್ನೂ ಆ ತಾಯಿ ಕೇಳಲಿಲ್ಲ. ಈಗ ಅಡುಗೆ ನಾನೇ ಮಾಡುತ್ತೇನೆ. ಗಂಜಿ ಕುಡಿಸುತ್ತೇನೆ.

ಅಕ್ಕನ ವಿಷಯ ಅವರಿಗೆ ಹೇಳಿದೆ. ಬದುಕಿದ್ದಾಳೆ ಎಂದು ಅವರಿಗೆ ಹೇಳಿದ ದಿನ ಅವಳು ತೀರಿ ಎರಡು ವರ್ಷವಾಗಿತ್ತು ಎಂದೆ. ಗೋಡೆಯ ಕಡೆ ತಿರುಗಿ ಮಲಗಿದ್ದವರು ಈ ಕಡೆ ಹೊರಳಿ, "ನಿನ್ನಮ್ಮ ಈಗ ಎಲ್ಲಿದ್ದಾಳೆ?" ಎಂದು ಕೇಳಿದರು. ಅಕ್ಕನ ಮಗುವಿನ ಹತ್ತಿರ ಅಂದೆ. "ಅವಳಿಗೆ ಮಗುವಾದರೂ ಇದೆ" ಎಂದು ಹೇಳಿ ಮತ್ತೆ ಗೋಡೆಗೆ ತಿರುಗಿಕೊಂಡರು.

ಜೂನ್ 20ಕ್ಕೆ ನನ್ನ ಓದು ಮುಗಿಯುತ್ತದೆ. 23ಕ್ಕೆ ಬೆಂಗಳೂರಿಗೆ ಬರುತ್ತೇನೆ. ಶಾಗ್ಯಕ್ಕೆ ಹೋಗುವುದಿಲ್ಲ, ನೇರವಾಗಿ ನೀನಿರುವಲ್ಲಿಗೆ ಬರುತ್ತೇನೆ. ಭಾವ ಬೇಡ ಅಂದರೆ ಊರ ಹೊರಗೆ ನಿಂತಾದರೂ ನಿನ್ನನ್ನು ನೋಡಿ ಹೋಗುತ್ತೇನೆ. ಮುಂದೆ ಅಪ್ಪನ ವಿಷಯ ಏನು ಮಾಡಬೇಕೆಂದು ನನಗೆ ತಿಳಿಯುತ್ತಿಲ್ಲ. ಸದ್ಯಕ್ಕೆ ಅದನ್ನು ಕೇಳಬೇಡ.

ಮೇಷ್ಟ್ರ ಕೈಲಿ ನನಗೆ ಎರಡು ಸಾಲು ಬರೆಸು. ನಿನ್ನೆ ಎಲ್ಲ ಕಾಗದಗಳನ್ನೂ ಮುಂದಿಟ್ಟುಕೊಂಡು ಮೊದಲಿನಿಂದ ಓದಿದೆ. ಚನ್ನಮಲ್ಲಮ್ಮ ಫೋಟೋ ತೆಗೆದು ಕಳಿಸಿದ ಚಿನ್ನಸ್ವಾಮಿ ಭಾವನದು, ಅಪ್ಪನದು, ಚನ್ನಮಲ್ಲಮ್ಮನದು, ನನ್ನವು. ಎಲ್ಲರೂ ಮಗು ಎಂದೋ ಕೂಸು ಎಂದೋ ಬರೆದಿದ್ದೇವೆ. ಅದಕ್ಕೆ ಹೆಸರೇನು ಇಟ್ಟಿದ್ದಾರೆ ಎಂದು ಇಷ್ಟು ದಿನ ನಮ್ಮಲ್ಲಿ ಒಬ್ಬರೂ ಕೇಳಿಲ್ಲ.

ಯಶೋದ